ಜೋಗುಳಕ್ಕೊಂದು ವಿನಾಯಿತಿ

ಬ್ರಸೆಲ್ಸ್
ಮೇ 6, ಭಾನುವಾರ

ಪ್ರೀತಿಯ ತಮ್ಮ ವೋಯ್ಕೊಗೆ,

ಅಕ್ಕನ ನೆನಪುಗಳು. ನೀನು, ಸಿಲ್ವಾ, ಪುಟ್ಟ ಆಯ್ದಾ ಎಲ್ಲರೂ ಚೆನ್ನಾಗಿದ್ದೀರಿ ಎಂದುಕೊಳ್ಳುತ್ತೇನೆ. ಹೊಸ ವರ್ಷಕ್ಕೆ ನೀವು ಕಳಿಸಿದ ಕಾರ್ಡು ಜನವರಿಯಲ್ಲೇ ಬಂತು. ಅಕ್ಷರವೆಲ್ಲ ಸಿಲ್ವಾಳದು, ಕೆಳಗೆ ನಿನ್ನ ಸಹಿ ಮಾತ್ರ. ಆದರೂ ಸಹಿ ನಿನ್ನದೇ ಅಲ್ಲವೇ, ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಕೊಂಡಿದ್ದೇನೆ. ಉತ್ತರ ಬರೆಯಲು ಮೇ ತಿಂಗಳಾಗಿಹೋಯಿತು, ಬೇಸರಿಸಬೇಡ. ಕೆಲಸವಿತ್ತು ಎಂದರೆ ನೀನು ಹುಬ್ಬು ಹಾರಿಸುತ್ತೀ, ಗೊತ್ತು. ಆದರೆ ನಿಜವಾಗಿಯೂ ಕೆಲಸವೇ ಇತ್ತು. ಆ ಕೆಲಸ ಏನಾಯಿತು ಎಂದು ನಿನಗೆ ಹೇಳಬೇಕೆಂದೇ ಕೂತಿದ್ದೇನೆ. ಫೋನಿನಲ್ಲಿ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಾವಿಬ್ಬರೂ ಒಬ್ಬರ ಮಾತು ಮುಗಿಯುವ ಮುಂಚೆ ಇನ್ನೊಬ್ಬರು ಬಾಯಿ ಹಾಕುವವರು. ಕಾಗದದಲ್ಲಾದರೆ ಕೊನೆಯ ಸಾಲಿನವರೆಗೆ ನಾನೊಬ್ಬಳೇ ಮಾತಾಡಬಹುದು. ಅದೊಂದು ಅನುಕೂಲ.

ಇಲ್ಲಿ ಎಲ್ಲ ಎಂದಿನಂತೆಯೇ ಇದೆ. ನಮ್ಮ ಬೀದಿಯ ಕೊನೆಯ ಕೊಳದಲ್ಲಿ ಬಾತುಗಳು ಮರಿ ಮಾಡಿವೆ. ಕೆಳಗಿನ ಮನೆಯ ಅಲ್ಸಿರಾ ಅಮ್ಮ ಮೊಣಕಾಲಿಗೆ ಆಪರೇಷನ್ ಮಾಡಿಸಿಕೊಂಡು ಪೋರ್ಚುಗಲ್ಲಿಗೆ, ಮಗಳ ಮನೆಗೆ ಹೋಗಿದ್ದಾರೆ. ಅವರ ಗಿಡಗಳಿಗೆ ನೀರು ಹಾಕುವ ಕೆಲಸ ನನ್ನ ಪಾಲಿಗೆ ಬಂದಿದೆ. ಇದ್ದಾಗ ಮೆಟ್ಟಿಲಲ್ಲಿ ಸಿಕ್ಕಿದಾಗಲೆಲ್ಲ ನನ್ನ ಚಪ್ಪಲಿ ಸದ್ದಿನ ಬಗ್ಗೆ ಗೊಣಗುತ್ತಿದ್ದರು. ಈಗ ಆ ಗೊಣಗಾಟವೂ ಇಲ್ಲ. ನಾನು ಗಿಡಗಳ ಹತ್ತಿರ ನಮ್ಮ ಭಾಷೆಯಲ್ಲಿ ಮಾತಾಡುತ್ತೇನೆ. ನಗಬೇಡ. ದಿನವಿಡೀ ಇಂಗ್ಲಿಷು, ಫ್ರೆಂಚು ಆಡಿ ಆಡಿ ನಾಲಿಗೆ ಬೇರೆಯವರದಾಗಿಬಿಡುತ್ತದೆ. ನಮ್ಮಲ್ಲಿ ಎಲ್ಲರೂ ಸೇರಿದ 'ನಾವು' ಬೇರೆ, ಇಬ್ಬರೇ ಇರುವ 'ನಾವು' ಬೇರೆ ಅಲ್ಲವೇ? ಆ ಇಬ್ಬರ 'ನಾವು' ಬಾಯಲ್ಲಿ ಆಡಿ ನನಗೆ ಎಷ್ಟು ಕಾಲವಾಗಿದೆಯೋ! ಮೊನ್ನೆ ಅಲ್ಸಿರಾ ಅಮ್ಮನ ಜೆರೇನಿಯಂ ಗಿಡಕ್ಕೆ, "ನಾವಿಬ್ರೂ ಒಣಗಿಬಿಟ್ವಲ್ಲೋ," ಎಂದೆ. ಹೇಳಿದ ಮೇಲೆ ನನಗೇ ನಾಚಿಕೆಯಾಯಿತು.

ನವೆಂಬರಿನ ಮಾತಿನಿಂದ ಶುರು ಮಾಡಬೇಕು. ಇದ್ರಿಯಾದಲ್ಲಿ ಅಪ್ಪ ಅಮ್ಮನ ಸಮಾಧಿಗೆ ದೀಪ ಹಚ್ಚಿ ಬಂದು ನಿಮ್ಮ ಮನೆಯಲ್ಲಿ ಊಟಕ್ಕೆ ಕೂತಿದ್ದೆವು. ನೀನು ಜ್ಲಿಕ್ರೋಫಿ ಕಡುಬಿನ ತಟ್ಟೆಯನ್ನು ನನ್ನ ಕಡೆ ತಳ್ಳುತ್ತಲೇ ಅಂದೆ: "ಅಕ್ಕ, ನೀನು ದಿನಾ ಬೆಳಗ್ಗೆ ಎದ್ದು ಕಳ್ಳರ ಪರ ವಕೀಲಿಕೆಗೆ ಹೋಗ್ತೀಯ."

ಸಿಲ್ವಾ, "ಇವತ್ತು ಬೇಡ ಕಣ್ರೀ," ಎಂದಳು. ನೀನು ನಿಲ್ಲಿಸಲಿಲ್ಲ. "ನನ್ನ ಹಾಡು ಎಲ್ಲರ ಮದುವೇಲೂ ಕುಣಿಸುತ್ತೆ, ಎಲ್ಲರ ಫೋನಲ್ಲೂ ಕೂಗುತ್ತೆ. ನಾನು ಮಾತ್ರ ಇಲ್ಲಿ ಶಾಲೆ ಮಕ್ಕಳ ಕೊಳಲಿನ ಎಂಜಲು ಒರೆಸ್ತಾ ಕೂತಿದ್ದೀನಿ. ಆ ದೊಡ್ಡ ಜಾಲತಾಣದವರು ಹಾಡಿದವರಿಗೆ ಪಾಲು ಕೊಡಬೇಕು ಅಂತ ಈಗೊಂದು ಕಾನೂನು ಬರ್ತಾ ಇದೆ. ಅದನ್ನ ತಡೆಯೋಕೆ ನಿಂತಿರೋದು ಯಾರಪ್ಪಾ ಅಂದ್ರೆ, ನನ್ನ ಸ್ವಂತ ಅಕ್ಕ!"

ನಾನೂ ಬಿಡಲಿಲ್ಲ. ಆ ಹಾಡಿನ ರಾಗ ಅಮ್ಮ ಬಟ್ಟೆ ಹರವುವಾಗ ಗುನುಗುತ್ತಿದ್ದದ್ದು, ಅಮ್ಮನಿಗೆ ನೀನೆಷ್ಟು ಕೊಟ್ಟೆ ಎಂದು ಕೇಳಿದೆ. ನೀನು ಎದ್ದು ಹಿತ್ತಲಿಗೆ ಹೋದೆ. ಬಸ್ಸಿಗೆ ಬಿಡಲು ಸಿಲ್ವಾ ಬಂದಳು.

ಅದನ್ನು ಮತ್ತೆ ಕೆದಕುತ್ತಿಲ್ಲ. ಆವತ್ತು ನನ್ನ ಕೆಲಸ ಏನೆಂದು ನಾನು ಹೇಳಲೂ ಇಲ್ಲ, ನೀನು ಕೇಳಲೂ ಇಲ್ಲ ಎನ್ನುವುದಕ್ಕೆ ಇಷ್ಟು ಬರೆದೆ. ನಾನು ವಕೀಲಳಲ್ಲ ವೋಯ್ಕೊ. ನಾನು ಪರಿಚಯ ಮಾಡಿಸುವವಳು. ಗ್ರಂಥಪಾಲಕರು, ಯಾರು ಬೇಕಾದರೂ ಓದಬಹುದಾದ ವಿಶ್ವಕೋಶಕ್ಕೆ ಬಿಡುವಿನಲ್ಲಿ ಬರೆಯುವವರು, ಹಳೆಯ ಧ್ವನಿಮುದ್ರಣ ಕಾಪಾಡುವವರು, ಅಂತರಜಾಲದಲ್ಲಿ ಜನರ ಹಕ್ಕಿಗೆ ಹೊಡೆದಾಡುವವರು, ಇಂಥವರೆಲ್ಲ ಯುರೋಪಿನ ತುಂಬ ಚೆದುರಿಹೋಗಿದ್ದಾರೆ. ಇಡೀ ಯುರೋಪಿಗೆ ಕಾನೂನು ಬರೆಯುವವರು ಈ ಊರಿನ ನಾಲ್ಕು ಕಟ್ಟಡಗಳಲ್ಲಿ ಇದ್ದಾರೆ. ಅವರನ್ನು ಇವರೆದುರು ಒಂದು ಮೇಜಿಗೆ ಕೂರಿಸಿ, "ಇವರು ಇಂಥವರು, ಅವರು ಅಂಥವರು" ಎಂದು ಹೇಳಿ ನಾನು ಗೋಡೆ ಪಕ್ಕದ ಕುರ್ಚಿಗೆ ಹೋಗುವುದು. ಮಾತು ಚೆನ್ನಾಗಿ ನಡೆದರೆ ಇಬ್ಬರೂ ನನ್ನನ್ನು ಮರೆಯುತ್ತಾರೆ. ಅಂದರೆ ಕೆಲಸ ಸರಿಯಾಗಿ ಆಯಿತು ಎಂದರ್ಥ.

ನೀನು ಹೇಳಿದ ಕಾನೂನಿನಲ್ಲಿ ಎರಡು ವಿಷಯಗಳಿದ್ದವು. ಒಂದು, ದೊಡ್ಡ ತಾಣಗಳು ಕಲಾವಿದರಿಗೆ ಪಾಲು ಕೊಡಬೇಕೆನ್ನುವುದು. ಇನ್ನೊಂದು, ಜನ ಏನನ್ನೇ ಹಾಕಲಿ, ಅದು ಕಾಣಿಸಿಕೊಳ್ಳುವ ಮೊದಲೇ ಯಂತ್ರವೊಂದು ಜರಡಿ ಹಿಡಿದು, ಬೇರೆ ಯಾರದೋ ಸ್ವತ್ತಿಗೆ ಹೋಲುತ್ತದೆ ಎನಿಸಿದ್ದನ್ನು ತಡೆಯಬೇಕು ಎನ್ನುವುದು. ನಮ್ಮ ಗುಂಪುಗಳಿಗೆ ಹೆದರಿಕೆ ಇದ್ದದ್ದು ಆ ಜರಡಿಯದು. ಆದರೆ ಎರಡನ್ನೂ ಒಂದೇ ಕಲಮಿನಲ್ಲಿ ಹೊಸೆದಿದ್ದರು. ಅದಕ್ಕೆ ನಮ್ಮವರು ಇಡೀ ಕಲಮೇ ಬೇಡ ಎಂದು ನಿಂತರು. ನಿಮ್ಮವರು ಇಡೀ ಕಲಮೇ ಬೇಕು ಎಂದು ನಿಂತರು.

ನಮ್ಮ ಕಡೆಯ ದೊಡ್ಡ ಗಂಟಲು ವೀಬ್ಕೆಯದು. ಕೀಲ್ ಊರಿನವಳು, ಜರ್ಮನಿಯ ಹಕ್ಕು ಹೋರಾಟದ ಗುಂಪಿನವಳು. ನಮ್ಮ ಕಚೇರಿಯಲ್ಲಿ ನನ್ನೆದುರಿನ ಮೇಜು ಅವಳಿಗೆ ಕೊಟ್ಟಿದ್ದೆವು. ಸಂಸತ್ತಿನ ಹೊರಗೆ ಭಿತ್ತಿಪತ್ರ ಹಿಡಿದು ನಿಂತರೆ ಪೊಲೀಸರೇ ಅವಳಿಗೆ ಕಾಫಿ ತಂದುಕೊಡುತ್ತಿದ್ದರು, ಅಷ್ಟು ಪರಿಚಯ. ನನ್ನನ್ನು 'ಮದುವೆ ದಲ್ಲಾಳಿ' ಎಂದು ಕರೆಯುತ್ತಿದ್ದಳು. "ಏನ್ ದಲ್ಲಾಳಮ್ಮ, ಇವತ್ತು ಯಾರಿಗೆ ಯಾರನ್ನ ಗಂಟು ಹಾಕಿದೆ?" ಎನ್ನುತ್ತಾ ಒಳಗೆ ಬಂದರೆ ಕಚೇರಿಗೆ ಜೀವ ಬರುತ್ತಿತ್ತು. ಈ ಊರಿನಲ್ಲಿ ನನ್ನ ಮನೆಗೆ ಬಂದು, ಹೇಳದೆ ಕೇಳದೆ ಪಾತ್ರೆಯ ಮುಚ್ಚಳ ತೆಗೆದು ನೋಡುತ್ತಿದ್ದವಳು ಅವಳೊಬ್ಬಳೇ.

ಮಾರ್ಚಿನಲ್ಲಿ ನಮಗೆ ಗ್ರಾಜಿಯೆತ್ತಾ ಸಿಕ್ಕಿದರು. ಸಾರ್ದೀನಿಯಾ ದ್ವೀಪದ ಬೆಟ್ಟದೂರಿನವರು. ಸಂಗೀತ ಶಿಕ್ಷಕಿಯಾಗಿದ್ದು ಈಗ ನಿವೃತ್ತರು. ತಮ್ಮ ಸುತ್ತಲಿನ ಹಳ್ಳಿಗಳ ಮುದುಕಿಯರು ಹಾಡುವ ಜೋಗುಳಗಳನ್ನು ಧ್ವನಿಮುದ್ರಿಸಿ, ಯಾರು ಬೇಕಾದರೂ ಕೇಳಲಿ ಎಂದು ಒಂದು ತಾಣಕ್ಕೆ ಹಾಕುತ್ತಿದ್ದರು. ಅವರ ಸೋದರತ್ತೆ ಬೊನಾರಿಯಾ ಹಾಡಿದ ಜೋಗುಳ ಒಂದು ದಿನ ಇದ್ದಕ್ಕಿದ್ದಂತೆ ಮಾಯವಾಯಿತು. ಯಾರೋ ಗಾಯಕರು ಅದೇ ಹಳೆಯ ಜೋಗುಳಕ್ಕೆ ತಾಳ ಹಾಕಿ ಒಂದು ಆಲ್ಬಮ್ ಮಾಡಿದ್ದರಂತೆ. ಆ ತಾಣದ ಯಂತ್ರ ಎರಡನ್ನೂ ಕೇಳಿ, ಕದ್ದವಳು ಬೊನಾರಿಯಾ ಎಂದು ತೀರ್ಮಾನಿಸಿತ್ತು. ಅಷ್ಟು ಹೊತ್ತಿಗೆ ಬೊನಾರಿಯಾ ತೀರಿಕೊಂಡಿದ್ದರು. ಗ್ರಾಜಿಯೆತ್ತಾ ಬರೆದ ದೂರುಗಳಿಗೆಲ್ಲ ಒಂದೇ ಬಗೆಯ ಉತ್ತರ ಬರುತ್ತಿತ್ತು, ಅದೂ ಯಂತ್ರದ್ದೇ.

ಅವರನ್ನು ಕರೆಸಿದೆ. ಕರಡು ತಿದ್ದುವ ಹೊಣೆ ಹೊತ್ತಿದ್ದ ಸಂಸದೆ ಫಿನ್ಲೆಂಡಿನ ಕಾರಿನಾ ರುವೊಹೊಲಾ ಅವರ ಜತೆ ಭೇಟಿ ಗೊತ್ತುಮಾಡಿದೆ. ಆ ದಿನ ಸಂಸತ್ತಿನ ಬಾಗಿಲಲ್ಲಿ ಗ್ರಾಜಿಯೆತ್ತಾ ಅವರ ಚೀಲದಿಂದ ಕುರಿಹಾಲಿನ ಗಿಣ್ಣಿನ, ಅಂದರೆ ಗಟ್ಟಿ ಚೀಸಿನ, ಒಂದಿಡೀ ಉಂಡೆ, ಹಪ್ಪಳದಂಥ ತೆಳು ರೊಟ್ಟಿಯ ಕಟ್ಟು ಮತ್ತು ಒಂದು ಚಾಕು ಹೊರಬಂದವು. ಕಾವಲಿನವನು ಚಾಕು ಹಿಡಿದುಕೊಂಡು ನನ್ನನ್ನು ನೋಡಿದ.

"ಗಿಣ್ಣು ಕಡಿಯೋದು ಹೇಗಪ್ಪ ಮತ್ತೆ, ಹಲ್ಲಲ್ಲಾ?" ಎಂದು ಗ್ರಾಜಿಯೆತ್ತಾ ಅವನನ್ನೇ ಕೇಳಿದರು.

"ಅಮ್ಮಾ, ಗಿಣ್ಣು ಒಳಗೆ ಹೋಗಲಿ, ಚಾಕು ಇಲ್ಲೇ ಇರಲಿ," ಎಂದ ಅವನು. ವೀಬ್ಕೆ ನಕ್ಕೂ ನಕ್ಕೂ ಕೆಂಪಾದಳು. ಲಿಫ್ಟಿನಲ್ಲಿ ನನ್ನ ಕಿವಿಯಲ್ಲಿ, "ಈಯಮ್ಮ ಒಬ್ಬರೇ ಸಾಕು, ನಾವು ಗೆದ್ವಿ," ಎಂದಳು.

ಗೆಲ್ಲಲಿಲ್ಲ. ಕಾರಿನಾ ಮಾತು ಕಡಿಮೆಯ ಹೆಂಗಸು. ಎದುರಿನವರು ಮುಗಿಸಿದ ಮೇಲೂ ಸ್ವಲ್ಪ ಹೊತ್ತು ಸುಮ್ಮನಿರುತ್ತಾರೆ. ಇನ್ನೇನೋ ಬರುವುದಿದೆ ಎಂದು ನಾವೇ ಗಾಬರಿಯಾಗಿ ಹೆಚ್ಚಿಗೆ ಮಾತಾಡಿಬಿಡುತ್ತೇವೆ. ಗ್ರಾಜಿಯೆತ್ತಾ ಅತ್ತೆಯ ಕತೆ ಹೇಳಿದರು. ಚೆನ್ನಾಗಿಯೇ ಹೇಳಿದರು. ವೀಬ್ಕೆ ಕಲಮಿನ ತಪ್ಪುಗಳನ್ನು ಹೇಳಿದಳು. ಆಮೇಲೆ ಕಾರಿನಾ ಗ್ರಾಜಿಯೆತ್ತಾರನ್ನು ಕೇಳಿದರು: "ಹಾಡುಗಾರರಿಗೆ ಈ ತಾಣಗಳು ಪಾಲು ಕೊಡಬೇಕು ಅಂತ ನಿಮಗನ್ನಿಸುತ್ತಾ?"

"ಕೊಡ್ಲೇಬೇಕು!" ಎಂದರು ಗ್ರಾಜಿಯೆತ್ತಾ. "ನನ್ನ ಕೈಯಲ್ಲಿ ಕಲಿತ ಮಕ್ಕಳು ಹೋಟೆಲ್ಲುಗಳಲ್ಲಿ ತಟ್ಟೆ ತೊಳೀತಾ ಹಾಡ್ತಾರೆ ತಾಯಿ. ಕೊಡಲಿ, ಚೆನ್ನಾಗಿ ಕೊಡಲಿ. ಅದನ್ಯಾರು ಬೇಡ ಅಂದ್ರು?"

ಬೇಡ ಎಂದವಳು ಅವರ ಪಕ್ಕದಲ್ಲೇ ಕೂತಿದ್ದಳು. ವೀಬ್ಕೆ ಮೇಜಿನ ಕೆಳಗೆ ಅವರ ಕಾಲಿಗೆ ಕಾಲು ತಾಗಿಸಿದಳು. ಗ್ರಾಜಿಯೆತ್ತಾ, "ಯಾಕಮ್ಮಾ ಒದೀತೀಯ?" ಎಂದು ಎಲ್ಲರಿಗೂ ಕೇಳುವ ಹಾಗೆ ಕೇಳಿದರು.

ಕಾರಿನಾ ನಗಲಿಲ್ಲ. "ಹಾಗಾದರೆ ನಿಮಗೆ ಏನು ಬೇಕು?"

"ನಮ್ಮ ಬೊನಾರಿಯಾ ಅತ್ತೆ ಹಾಡಿದ್ದು ಕಳ್ಳಮಾಲು ಅಲ್ಲ ಅಂತ ಯಾರಾದ್ರೂ ಒಬ್ಬ ಮನುಷ್ಯ ಹೇಳಬೇಕು. ನನಗಿನ್ನೇನೂ ಗೊತ್ತಾಗಲ್ಲ."

ಹೊರಗೆ ಬಂದ ಮೇಲೆ ವೀಬ್ಕೆ ನಮ್ಮನ್ನು ಬಿಟ್ಟು ಮುಂದೆ ಮುಂದೆ ನಡೆದಳು. ಗ್ರಾಜಿಯೆತ್ತಾ ಮಾತ್ರ ಚಾಕು ವಾಪಸು ಇಸಿದುಕೊಂಡು, ಬೆಂಚಿನ ಮೇಲೆ ಕೂತು, ಕಾವಲಿನವನಿಗೂ ಒಂದು ತುಂಡು ಗಿಣ್ಣು ಕೊಟ್ಟು, "ಒಳ್ಳೇ ಹೆಂಗಸು ಕಣಮ್ಮ ಆಕೆ, ಪಾಪ, ಊಟ ಸರಿಯಾಗಿ ಮಾಡಲ್ಲ ಅನ್ಸುತ್ತೆ," ಎಂದರು.

ಇಲ್ಲಿ ಒಮ್ಮೆ ನಿಲ್ಲಿಸಿ ಎದ್ದು ಹೋಗಿ ಬಂದೆ. ಗಿಡಗಳಿಗೆ ನೀರು ಹಾಕುವುದಿತ್ತು. ಕೊಳದ ಸುತ್ತ ಒಂದು ಸುತ್ತು ಹಾಕಿದೆ. ಭಾನುವಾರ ಅಲ್ಲಿ ಎಲ್ಲರೂ ಜತೆಯವರೊಡನೆ ಬರುತ್ತಾರೆ. ಒಬ್ಬಳೇ ಬೆಂಚಿನಲ್ಲಿ ಕೂತರೆ, "ಇಲ್ಲಿ ಯಾರಾದರೂ ಬರುತ್ತಾರಾ?" ಎಂದು ಪಕ್ಕದ ಜಾಗ ತೋರಿಸಿ ಕೇಳುತ್ತಾರೆ. ಇಲ್ಲ, ಕೂತುಕೊಳ್ಳಿ ಎಂದು ಹೇಳಿ ನಾನೇ ಎದ್ದುಬಿಡುತ್ತೇನೆ.

ಸರಿ, ಮುಂದಿನದು ಕೇಳು. ಆ ಭೇಟಿಯಾದ ವಾರ ಕಳೆದ ಮೇಲೆ ಕಾರಿನಾ ನನ್ನೊಬ್ಬಳನ್ನೇ ಸಂಸತ್ತಿನ ಊಟದ ಮನೆಗೆ ಕರೆದರು. ಸೂಪು ಮುಗಿಸಿದ ಮೇಲೆ ಹೇಳಿದರು: "ಇಡೀ ಕಲಮನ್ನ ತೆಗೆಯೋಕೆ ನನ್ನ ಹತ್ತಿರ ಮತಗಳಿಲ್ಲ. ಅದು ನಿಮಗೂ ಗೊತ್ತು. ಒಂದು ವಿನಾಯಿತಿ ತರಬಲ್ಲೆ. ಲಾಭಕ್ಕಲ್ಲದ ವಿಶ್ವಕೋಶಗಳು, ಧ್ವನಿ ಸಂಗ್ರಹಗಳು, ಪಾಠದ ತಾಣಗಳು, ಇವುಗಳಿಗೆ ಆ ಜರಡಿ ಬೇಡ ಅಂತ. ಮಿಕ್ಕವರಿಗೆ ಇರುತ್ತೆ. ನಿಮ್ಮವರು ಒಪ್ಪಿದರೆ ಬರೀತೀನಿ. ಒಪ್ಪದಿದ್ದರೆ ಅದೂ ಇಲ್ಲ."

ಈ ಮಾತನ್ನು ನಾನು ಹೊತ್ತುಕೊಂಡು ಹೋಗಬೇಕಾಯಿತು. ಕಚೇರಿಯ ಉದ್ದನೆಯ ಮೇಜಿನ ಸುತ್ತ ಎಲ್ಲ ಗುಂಪಿನವರೂ ಸೇರಿದರು. ದೂರದವರು ಪರದೆಯ ಮೇಲೆ ಮುಖ ತೋರಿಸಿದರು. ನಾನು ಕಾರಿನಾ ಹೇಳಿದ್ದನ್ನು ಕೂಡಿಸದೆ ಕಳೆಯದೆ ಹೇಳಿದೆ. ವಿಶ್ವಕೋಶದವರು, ಗ್ರಂಥಾಲಯದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರ ಕಣ್ಣಿನಲ್ಲೇ ಉತ್ತರ ಕಾಣುತ್ತಿತ್ತು. ಅವರನ್ನು ಏನೆಂದು ಬೈಯಲಿ? ವರ್ಷಗಟ್ಟಲೆ ಪುಕ್ಕಟೆ ದುಡಿದು ಕಟ್ಟಿದ್ದು ಉಳಿಯುತ್ತದೆ ಎಂದಾಗ ಯಾರು ಬೇಡ ಎನ್ನುತ್ತಾರೆ?

ವೀಬ್ಕೆ ಎದ್ದು ನಿಂತಳು. "ಅಂದ್ರೆ ನಿಮ್ಮ ಮನೆ ಬಾಗಿಲಿಗೆ ಚಿಲಕ ಬಿತ್ತು, ನೀವು ಮಲಗ್ತೀರಿ. ಹೊರಗಿರೋವರ ಗತಿ? ಆಸ್ಪತ್ರೆಯ ಅನ್ಯಾಯ ತೋರಿಸೋಕೆ ವಿಡಿಯೊ ಹಾಕೋ ನರ್ಸು, ಮಂತ್ರಿಯನ್ನ ಅಣಕಿಸೋ ಹುಡುಗಿ, ಅವರೇನು ವಿಶ್ವಕೋಶ ಬರೀಬೇಕಾ? ನಾಲ್ಕು ವರ್ಷ ಒಟ್ಟಿಗೆ ಬೀದೀಲಿ ನಿಂತ್ವಲ್ಲ, ಆಗ ನೀವೇನು ಚಳಿ ಕಾಯಿಸ್ಕೊಳ್ಳೋಕೆ ಬಂದಿದ್ರಾ?"

ಯಾರೋ ಒಬ್ಬರು, "ಏನೂ ಸಿಗದೆ ಇರೋದಕ್ಕಿಂತ..." ಎಂದು ಶುರು ಮಾಡಿದರು.

"ಆ ಮಾತನ್ನ ನನ್ನೆದುರು ಮುಗಿಸಬೇಡಿ," ಎಂದಳು ವೀಬ್ಕೆ. ನನ್ನ ಕಡೆ ತಿರುಗಿದಳು. "ನೀನು ಆಕೆಗೆ ಅಲ್ಲೇ ಆಗಲ್ಲ ಅನ್ನಬೇಕಿತ್ತು ಪೊಲೊನಾ."

"ಆಗಲ್ಲ ಅನ್ನೋಕೆ ನಾನ್ಯಾರು ವೀಬ್ಕೆ? ನಾನು ಮಾತು ತರೋವಳು."

"ಅದೇ. ನೀನು ಯಾರೂ ಅಲ್ಲ. ಯಾರ ಪರವೂ ಅಲ್ಲ. ನಿನ್ನ ಮೂಲಕ ಎಲ್ಲರೂ ಹಾದು ಹೋಗಬಹುದು, ನೀನು ಮಾತ್ರ ಎಲ್ಲೂ ಹೋಗಲ್ಲ."

ಅವಳು ಕೋಟು ತೆಗೆದುಕೊಂಡು ಹೊರಟಳು. ಅವಳ ಗುಂಪಿನವರೂ ಹಿಂದೆಯೇ ಹೋದರು. ಪರದೆಯ ಮೇಲಿನ ಮುಖಗಳು ಒಂದೊಂದಾಗಿ ಆರಿದವು. ಉಳಿದವರು ಕೈ ಎತ್ತಿ ವಿನಾಯಿತಿಗೆ ಒಪ್ಪಿದರು. ನನಗೆ ಅಲ್ಲಿ ಮತವಿಲ್ಲ, ನಾನು ಸಂಬಳದವಳು. ಲೋಟಗಳನ್ನು ಎತ್ತಿಟ್ಟೆ.

ಒಪ್ಪಿಗೆ ತಿಳಿಸಲು ಮತ್ತೆ ಕಾರಿನಾರ ಹತ್ತಿರ ಹೋದೆನಲ್ಲ, ಆಗ ನಾನೊಂದು ಕೆಲಸ ಮಾಡಿದೆ. ಯಾರೂ ಹೇಳಿಕೊಡದೆ, ಯಾರ ಅಪ್ಪಣೆಯೂ ಇಲ್ಲದೆ ಎರಡು ಮಾತು ಹೇಳಿದೆ. ಇಷ್ಟು ವರ್ಷದಲ್ಲಿ ನಾನಾಗಿ ಏನನ್ನೂ ಕೇಳಿದವಳಲ್ಲ. "ವಿನಾಯಿತಿ ಸಿಗದವರಿಗೆ ಒಂದು ಸಾಲು ಬೇಕು," ಎಂದೆ. "ಯಂತ್ರ ತಡೆದದ್ದನ್ನ ದೂರು ಬಂದಾಗ ಒಬ್ಬ ಮನುಷ್ಯ ಕೂತು ನೋಡಲೇಬೇಕು. ನೋಡುವವರೆಗೂ ಅಳಿಸಬಾರದು."

ಅವರು ನನ್ನನ್ನು ಮೊದಲ ಸಲ ನೋಡಿದ ಹಾಗೆ ನೋಡಿದರು. "ಇದು ನಿಮ್ಮ ಸಂಘದ ಬೇಡಿಕೆಯಾ?"

"ಅಲ್ಲ, ನನ್ನದು."

"ಇನ್ನೊಂದು?"

"ಹಾಡುಗಾರರ ಪಾಲಿನ ಸಾಲನ್ನು ತೆಳ್ಳಗೆ ಮಾಡಬೇಡಿ. ನಮ್ಮವರು ಅದಕ್ಕೆ ವಿರುದ್ಧ ಪತ್ರ ಕೊಟ್ಟಿದ್ದಾರೆ, ಗೊತ್ತು. ಆದರೂ ಅದು ಹಾಗೇ ಇರಲಿ."

ಯಾಕೆ ಎಂದು ಅವರು ಕೇಳಲಿಲ್ಲ. ಕೇಳಿದ್ದರೆ ನಿನ್ನ ಹೆಸರು ಹೇಳುತ್ತಿದ್ದೆನೋ ಏನೋ. ಹಿತ್ತಲಿಗೆ ಎದ್ದುಹೋದ ನಿನ್ನ ಬೆನ್ನು ಆ ಹೊತ್ತಿಗೆ ನನ್ನ ಕಣ್ಣ ಮುಂದಿತ್ತು.

ಮತದಾನ ಏಪ್ರಿಲ್ ಕೊನೆಯಲ್ಲಿ ಆಯಿತು. ಸಮಿತಿಯ ಕೋಣೆಯಲ್ಲಿ ಕೈ ಎತ್ತುವುದು, ಇಳಿಸುವುದು, ನಮ್ಮ ಶಾಲೆಯ ಕವಾಯತಿನ ಹಾಗೆ. ಎಷ್ಟೋ ವರ್ಷದ ಹೊಡೆದಾಟ ಒಂದು ಕಾಫಿ ಕುಡಿಯುವಷ್ಟು ಹೊತ್ತಿನಲ್ಲಿ ಮುಗಿಯಿತು. ಕಲಮು ಉಳಿಯಿತು. ಹಾಡುಗಾರರ ಪಾಲು ಉಳಿಯಿತು. ಜರಡಿಯೂ ಉಳಿಯಿತು. ವಿಶ್ವಕೋಶಕ್ಕೆ, ಸಂಗ್ರಹಗಳಿಗೆ ವಿನಾಯಿತಿ ಸಿಕ್ಕಿತು. ಮನುಷ್ಯ ಕೂತು ನೋಡಬೇಕೆನ್ನುವ ನನ್ನ ಸಾಲು ಮುಕ್ಕಾಲು ಭಾಗ ಹಾಗೆಯೇ ಇತ್ತು. 'ನೋಡುವವರೆಗೂ ಅಳಿಸಬಾರದು' ಎನ್ನುವುದು 'ಆದಷ್ಟು ಬೇಗ ನೋಡಬೇಕು' ಎಂದಾಗಿತ್ತು. ಇನ್ನೂ ಇಡೀ ಸಂಸತ್ತಿನ ಸಭೆಯಲ್ಲಿ ಹಾಯಬೇಕು, ಆದರೆ ಬದಲಾಗುವುದಿಲ್ಲ ಎನ್ನುತ್ತಾರೆ.

ಗ್ರಾಜಿಯೆತ್ತಾರಿಗೆ ಫೋನು ಮಾಡಿ ಹೇಳಿದೆ. "ಹಾಗಾದ್ರೆ ಅತ್ತೆ ಕಳ್ಳಿ ಅಲ್ಲ ಅಂತಾಯ್ತಾ?" ಎಂದು ಕೇಳಿದರು. ಇನ್ನು ಮುಂದೆ ಹಾಕುವವರಿಗೆ ಅನುಕೂಲ, ಹಳೆಯದರ ವಿಷಯ ಆ ತಾಣದವರನ್ನೇ ಕೇಳಬೇಕು ಎಂದೆ. ಅವರು, "ಪರವಾಗಿಲ್ಲ ಬಿಡು, ಮುಂದಿನ ಮುದುಕಿಯರಿಗಾಯ್ತಲ್ಲ," ಎಂದರು. ಅವರ ಗಿಣ್ಣು ಇನ್ನೂ ನನ್ನ ಫ್ರಿಜ್ಜಿನಲ್ಲಿದೆ. ಒಬ್ಬಳಿಗೆ ಮುಗಿಯುವಂಥದ್ದಲ್ಲ.

ಆ ಸಂಜೆ ಸಂಸತ್ತಿನ ಎದುರಿನ ಚೌಕದಲ್ಲಿ ಎರಡು ಕಡೆ ಜನ ಸೇರಿದ್ದರು. ಈ ತುದಿಯ ಬಾರಿನಲ್ಲಿ ವಿಶ್ವಕೋಶದವರು, ಗ್ರಂಥಾಲಯದವರು. ಹೋದೆ. ಬಿಯರ್ ಕೈಗೆ ಕೊಟ್ಟರು, ಬೆನ್ನು ತಟ್ಟಿದರು. ನಾನೇ ಪರಿಚಯ ಮಾಡಿಸಿದ್ದ ಇಬ್ಬರು ಒಬ್ಬರ ಹೆಗಲ ಮೇಲೊಬ್ಬರು ಕೈ ಹಾಕಿಕೊಂಡು ಹಾಡುತ್ತಿದ್ದರು. ಒಬ್ಬರು ಕೇಳಿದರು: "ನೀವು ವೀಬ್ಕೆ ಕಡೆಯವರ ಜತೆ ಇರ್ತೀರಿ ಅಂದ್ಕೊಂಡಿದ್ವಿ. ಅವರ ಪರ ಒಂದು ಸಾಲು ಸೇರಿಸಿದ್ರಂತಲ್ಲ, ನಮಗೆ ಹೇಳದೆ?" ಕೆಟ್ಟದಾಗಿ ಕೇಳಲಿಲ್ಲ. ಆದರೆ ಅದಾದ ಮೇಲೆ ಮಾತು ಮುಂದುವರಿಯಲಿಲ್ಲ.

ಚೌಕ ದಾಟಿ ಆ ತುದಿಗೆ ಹೋದೆ. ಹಕ್ಕಿನ ಹೋರಾಟದವರು ಮೆಟ್ಟಿಲ ಮೇಲೆ ಭಿತ್ತಿಪತ್ರಗಳನ್ನು ಮಡಚಿಟ್ಟುಕೊಂಡು ಕೂತಿದ್ದರು. ವೀಬ್ಕೆ ಅತ್ತಿದ್ದಳು, ಮುಖ ಊದಿಕೊಂಡಿತ್ತು. "ನಿನ್ನ ಸಾಲು ನೋಡಿದೆ," ಎಂದಳು.

"ಅಷ್ಟೇ ಆಗಿದ್ದು."

"ಗೊತ್ತು. ಥ್ಯಾಂಕ್ಸ್. ಆದ್ರೆ ನೀನು ಇವತ್ತು ಇಲ್ಲಿ ಕೂರೋದು ಬೇಡ. ನಮ್ಮ ಹುಡುಗರಿಗೆ ಬೇಜಾರಾಗುತ್ತೆ." ಆಮೇಲೆ, "ನಿನ್ನ ಸಂಭ್ರಮ ಆ ಕಡೆ ಅಲ್ವಾ?" ಎಂದಳು. ಅವಳ ದನಿಯಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ಜಗಳವಾಡಬಹುದಿತ್ತು.

ನಾನು ಅಲ್ಲಿಂದ ನಡೆಯುತ್ತಾ ಜೂರ್ದಾನ್ ಚೌಕಕ್ಕೆ ಬಂದೆ. ಸಾಲಿನಲ್ಲಿ ನಿಂತು ಒಂದು ಪೊಟ್ಟಣ ಕರಿದ ಆಲೂಗಡ್ಡೆ ಕೊಂಡೆ. ಕೊಡುವವನು, "ಒಂದು ಫೋರ್ಕಾ, ಎರಡಾ?" ಎಂದ. ಒಂದು ಎಂದೆ. ನಿಂತುಕೊಂಡೇ ತಿಂದೆ. ಬಿಸಿ ಇದ್ದದ್ದರಿಂದಲೋ ಏನೋ ಕಣ್ಣಲ್ಲಿ ನೀರು ಬಂತು. ಇಷ್ಟೊಂದು ಜನರನ್ನು ಇಷ್ಟೊಂದು ಜನರಿಗೆ ಜೋಡಿಸಿದೆನಲ್ಲ, ನನ್ನ ಫೋನಿನಲ್ಲಿ ಎಷ್ಟು ಹೆಸರುಗಳಿವೆಯೋ ನನಗೇ ಗೊತ್ತಿಲ್ಲ. ಆ ಸಂಜೆ ಅದನ್ನು ಮೇಲಿಂದ ಕೆಳಗೆ ಎಳೆಯುತ್ತಾ ಹೋದೆ. ಪ್ರತಿ ಹೆಸರಿಗೂ ಒಂದು ಕೆಲಸವಿತ್ತು. ಕೆಲಸವಿಲ್ಲದೆ ಕರೆಯಬಹುದಾದ ಹೆಸರು ನಿನ್ನದೊಂದೇ ಎನಿಸಿತು. ಕರೆಯಲಿಲ್ಲ.

ವೀಬ್ಕೆ ಕೀಲಿಗೆ ವಾಪಸು ಹೋಗಿದ್ದಾಳೆ. ಅವಳ ಮೇಜಿನ ಮೇಲೆ ಈಗ ಮುದ್ರಣ ಯಂತ್ರ ಇಟ್ಟಿದ್ದಾರೆ. ನನ್ನ ಮೇಲಿನವರು ನಾನು ಕೇಳಿದ ಎರಡು ಸಾಲಿನ ಬಗ್ಗೆ ಕರೆದು ಮಾತಾಡಿದರು. ಬೈಯಲಿಲ್ಲ. "ನೀವು ದಣಿದಿದ್ದೀರಿ ಅನ್ಸುತ್ತೆ, ಪೊಲೊನಾ," ಎಂದರು. ಬೇಸಿಗೆಯ ನಂತರ ನನ್ನ ಕುರ್ಚಿಯಲ್ಲಿ ಬೇರೆಯವರು ಇರಬಹುದು. ಕೆಲಸ ಬಿಡಿಸುವುದನ್ನು ಇಲ್ಲಿ ಹೀಗೆಯೇ ಹೇಳುವುದು. ಮುಂದೆ ಏನು ಎಂದು ನಾನು ಯೋಚಿಸಿಲ್ಲ. ಊರಿಗೆ ಬರುವುದೇ ಎಂದರೆ, ಯಾರ ಮನೆಗೆ ಎಂದು ಮನಸ್ಸು ಕೇಳುತ್ತದೆ.

ಹೀಗಾಯಿತು ವೋಯ್ಕೊ. ನೀನು ನಂಬಿದ್ದ ಸಾಲು ಕಾನೂನಾಗುತ್ತದೆ. ನಿನ್ನ ಹಾಡಿಗೆ ಪಾಲು ಬಂದರೆ ಆಯ್ದಾಳಿಗೆ ಒಂದು ಒಳ್ಳೆಯ ಪಿಟೀಲು ಕೊಡಿಸು, ಬಾಡಿಗೆಯ ಪಿಟೀಲಿನಲ್ಲಿ ಅವಳು ಇನ್ನೆಷ್ಟು ದಿನ ಕುಯ್ಯಬೇಕು? ಸಿಲ್ವಾಳಿಗೆ ಹೇಳು, ಅವಳ ಹಾಗೆ ವಾಲ್‌ನಟ್ ಹೂರಣದ ಸುರುಳಿ ರೊಟ್ಟಿ ಮಾಡಲು ಹೋದೆ, ಎರಡು ಸಲವೂ ಒಡೆದುಹೋಯಿತು. ಅಮ್ಮನ ಸಮಾಧಿಯ ಹತ್ತಿರದ ಪೊದೆ ಈ ತಿಂಗಳು ಹೂ ಬಿಟ್ಟಿರುತ್ತದೆ, ನನ್ನ ಪರವಾಗಿಯೂ ಒಮ್ಮೆ ಹೋಗಿ ಬಾ. ಎಂದಾದರೂ ಈ ಊರಿನ ಕಡೆ ಬಂದರೆ ಮನೆಗೆ ಬಾ. ಹೇಳಿ ಬರಬೇಕೆಂದೇನೂ ಇಲ್ಲ.

ನಿಮ್ಮ ಮನೆಯಲ್ಲಿ ನಗು ಇರಲಿ, ಹಾಡು ಇರಲಿ. ನಿನ್ನ ಕೈಬೆರಳಿಗೆ, ದನಿಗೆ ಏನೂ ಆಗದಿರಲಿ.

ನಿನ್ನ ಅಕ್ಕ,
ಪೊಲೊನಾ

ಮರೆತಿದ್ದೆ: ಮತದಾನದ ಮರುದಿನ ಕಾರಿನಾ ನನ್ನನ್ನು ಕಾಫಿಗೆ ಕರೆದಿದ್ದರು. ಕೆಲಸದ ಮಾತು ಮುಗಿದಿತ್ತು. ಆಗ ಅವರು, ಎಂದೂ ಹರಟೆ ಹೊಡೆಯದವರು, ನಗುತ್ತಾ ಹೇಳಿದರು: "ಪಾಲಿನ ಸಾಲು ಉಳಿದದ್ದಕ್ಕೆ ನಿಮ್ಮೂರಿನವರೊಬ್ಬರೂ ಕಾರಣ. ಫೆಬ್ರವರಿಯಲ್ಲಿ ಕಲಾವಿದರ ಗುಂಪಿನ ಜತೆ ಬಂದಿದ್ದರು. ಹಾಡು ಬರೆಯುವವರು. ನೀವು ಕೂರ್ತೀರಲ್ಲ, ಅದೇ ಕುರ್ಚಿಯಲ್ಲಿ ಕೂತು ಬಹಳ ಚೆನ್ನಾಗಿ ಮಾತಾಡಿದರು. ಅವರ ಮನೆತನದ ಹೆಸರೂ ಲಿಕಾರ್. ಪೊಲೊನಾ ಲಿಕಾರ್ ನಿಮಗೇನಾಗಬೇಕು ಅಂತ ಕೇಳಿದೆ. 'ಏನೂ ಆಗಬೇಕಾಗಿಲ್ಲ, ನಮ್ಮ ಇದ್ರಿಯಾದಲ್ಲಿ ಎರಡು ಮನೆಗೊಬ್ಬರು ಲಿಕಾರ್' ಅಂದರು. ನಿಜವಾ?"

ನಿಜ, ನಮ್ಮೂರಲ್ಲಿ ತುಂಬ ಜನ ಇದ್ದಾರೆ ಎಂದೆ. ನಾನೂ ನಕ್ಕೆ. ನಿನ್ನ ಮಾತನ್ನು ಸುಳ್ಳು ಮಾಡಲಿಲ್ಲ ವೋಯ್ಕೊ.